ನಗಾರಿ ಮತ್ತು ಹೊಳೆಯ ಸದ್ದು

ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಒಂದು ಕಂಪ್ಯೂಟರ್ ಆಟದಲ್ಲಿ ಕೋಟೆಯ ನಗಾರಿಯ ಸದ್ದೂ ಹೊಳೆಯ ಸದ್ದೂ ಒಟ್ಟಿಗೆ ಬಾಳುತ್ತಿದ್ದವು. ಯಾವ ಸದ್ದನ್ನು ಏರಿಸುವುದಿದ್ದರೂ ಮೊದಲು ಉಳಿದವುಗಳ ಜೊತೆ ಕೂಡಿಸಿ ಕೇಳಬೇಕೆಂಬುದು ಅಲ್ಲಿಯ ಕಟ್ಟಳೆ.

ಒಮ್ಮೆ ಆಟವಾಡುತ್ತಿದ್ದ ಕುಮುದಾ, ಮನೆಯಲ್ಲಿ ಮಗು ಮಲಗಿತೆಂದು, ಆಟದ ಒಟ್ಟು ವಾಲ್ಯೂಮ್ ತಗ್ಗಿಸಿದಳು. ನಗಾರಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನನ್ನು ಏರಿಸು," ಎಂದು ತನ್ನ ವಾಲ್ಯೂಮ್ ಗುಂಡಿಗೆ ಅಪ್ಪಣೆ ಮಾಡಿತು.

"ಹೊಳೆಯ ಜೊತೆ ಕೂಡಿಸಿ ಕೇಳಿದಿರಾ?" ಎಂದಿತು ಗುಂಡಿ.

"ಆ ಗುಳುಗುಳು ಕೇಳಿ ನನಗೇನಾಗಬೇಕು? ಕೋಟೆಯ ಮಾನ ಇರುವುದು ನನ್ನಲ್ಲಿ!"

ಗುಂಡಿ ಅಂಜಿ ಏರಿಸಿತು. ಮಗು ಬೆಚ್ಚಿತೆಂದು ಕುಮುದಾ ಇನ್ನಷ್ಟು ತಗ್ಗಿಸಿದಳು. ನಗಾರಿ ಇನ್ನಷ್ಟು ಏರಿತು. ಕೊನೆಗೆ ಹೊಳೆಯ ಸದ್ದು ಕೇಳದಷ್ಟು ಸಣ್ಣದಾಯಿತು. ಆಟದೊಳಗೆ ಕೋಟೆಗೆ ಹೋಗಲು ಹೊಳೆಯ ಮೇಲಿನ ಸೇತುವೆ ಹತ್ತಹೋದ ಕುಮುದಾ ನೀರಿಗೆ ಬಿದ್ದಳು. ಮತ್ತೆ ಹೊರಟಳು, ಮತ್ತೆ ಬಿದ್ದಳು.

ನಗಾರಿ ಗಹಗಹಿಸಿತು. "ಅಷ್ಟಗಲದ ಸೇತುವೆ! ಇವಳಿಗೇನು ಕಣ್ಣಿಲ್ಲವೇ?"

"ಇಲ್ಲ," ಎಂದಿತು ಗುಂಡಿ. "ಹುಟ್ಟಿದಾಗಿನಿಂದಲೂ ಇಲ್ಲ. ಹೊಳೆಯ ಸದ್ದು ಎಡದಿಂದೆಷ್ಟು, ಬಲದಿಂದೆಷ್ಟು ಬರುತ್ತದೆಂದು ಕಿವಿಗೊಟ್ಟೇ ಅವಳು ಇಷ್ಟು ದಿನ ದಾಟುತ್ತಿದ್ದಳು."

ನಗಾರಿಯ ನಗು ಅಲ್ಲೇ ನಿಂತಿತು. "ಇಳಿಸಿಬಿಡು," ಎಂದಿತು ಮೆಲ್ಲಗೆ. "ಅವಳು ದಾಟುವ ತನಕ ನಾನು ಉಸಿರೆತ್ತುವುದಿಲ್ಲ."

ನಗಾರಿಯ ಅಬ್ಬರ ನಿಂತದ್ದರಿಂದ ಕುಮುದಾ ಒಟ್ಟು ವಾಲ್ಯೂಮ್ ತುಸು ಏರಿಸಿದಳು; ಹೊಳೆ ಮತ್ತೆ ಕೇಳಿಸಿತು. ಕುಮುದಾ ಸೇತುವೆ ದಾಟಿ ಕೋಟೆಯ ಬಾಗಿಲಿಗೆ ಬಂದಳು.

ಆಗ ಹೊಳೆ ಎಂದಿತು: "ಅಣ್ಣಾ, ಅವಳು ಬಂದಳು. ಇನ್ನು ನೀನು ಬಾರಿಸು, ಅವಳಿಗೆ ನಿನ್ನ ಸದ್ದೆಂದರೂ ಇಷ್ಟ."

ನಗಾರಿ ಗುಂಡಿಯತ್ತ ತಿರುಗಿ, "ಮೊದಲು ಹೊಳೆಯ ಜೊತೆ ಕೂಡಿಸಿ ಕೇಳೋಣ," ಎಂದಿತು.