ಗಾಲಿಕುರ್ಚಿ ಒಲ್ಲೆನೆಂದ ದುರುಗಪ್ಪಜ್ಜ

ಪರಮಪೂಜ್ಯ ನಿರ್ಮಲಾಂಬೆ ಅಮ್ಮನವರಿಗೆ ಆಗ ಎಂಬತ್ತೊಂದು ವರ್ಷ. ದಾಸೋಹದ ಮನೆಯ ಹೊಸ್ತಿಲ ಬಳಿ ಗೋಣಿಚೀಲ ಹಾಸಿಕೊಂಡು ಮೆಂತ್ಯಸೊಪ್ಪು ಬಿಡಿಸುತ್ತ ಕುಳಿತಿದ್ದರು. ಮಠದ ಅಂಗಳದಲ್ಲಿ ಕೃತಕ ಕಾಲು ಜೋಡಿಸುವ ಶಿಬಿರ ನಡೆದಿತ್ತು. ಕಾಲಿನ ಅಳತೆ ತೆಗೆಯುವವರ ವ್ಯಾನು ನಾಲ್ಕು ಗಂಟೆಗೆ ಹೊರಡಬೇಕು. ಅಷ್ಟರೊಳಗೆ ಯಾರಿಗೆ ಏನು ಬೇಕೆಂದು ಬರೆದ ಪಟ್ಟಿಗೆ ಅಮ್ಮನವರ ಸಹಿ ಬೀಳಬೇಕು.

ಸಮಾಜಕಾರ್ಯಕರ್ತೆ ಶಶಿರೇಖಾಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೆಳಗಿನಿಂದ ಬಂದವರ ಮನೆಯವರನ್ನು ವಿಚಾರಿಸಿ ವಿಚಾರಿಸಿ ತಲೆ ಚಿಟ್ಟುಹಿಡಿದಿತ್ತು. ಗಡಿಯಾರ ನೋಡಿದಳು, ವ್ಯಾನು ನೋಡಿದಳು. ಅಮ್ಮನವರ ಸೇವೆಗಿದ್ದ ಗುರುಬಸವ್ವನ ಕಡೆ ತಿರುಗಿ, “ಅಮ್ಮಾವ್ರಿಗೆ ಸಹಿ ಮಾಡಾಕ ಆಗತೈತೇನ್ರಿ? ಇಲ್ಲಾ ಹೆಬ್ಬೆಟ್ಟು ಒತ್ತಿಸೂಣೇನ್ರಿ?” ಎಂದಳು.

ಅಮ್ಮನವರು ನಸುನಕ್ಕು ಪಟ್ಟಿಗೆ ಕೈಚಾಚಿದರು. ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು: ‘ದುರುಗಪ್ಪ, ಎಪ್ಪತ್ತಾರು ವರ್ಷ. ವಯಸ್ಸಾಗಿದೆ, ಕಾಲು ಬೇಡ, ಗಾಲಿಕುರ್ಚಿ ಸಾಕು.’

“ಇದನ್ನ ಯಾರು ಹೇಳಿದ್ರವ್ವಾ?”

“ಅವರ ಸೊಸಿ ಹೇಳಿದ್ಳ್ರಿ. ಈ ವಯಸ್ಸಿನಾಗ ಅವರರೆ ಎಲ್ಲಿ ಓಡಾಡ್ಬೇಕ್ರಿ ಅಮ್ಮಾ?”

ಅಮ್ಮನವರು ಗುರುಬಸವ್ವನ ಕಡೆ ತಿರುಗಿದರು. ಮೆಲ್ಲಗೆ, “ಗುರುಬಸವ್ವಾ, ಈಕಿ ಚಾ ಕುಡಿತಾಳೇನು? ಲೋಟ ಹಿಡ್ಯಾಕ ಆಗತೈತೇನು ಈಕಿಗೆ?” ಎಂದು ಕೇಳಿದರು.

ಶಶಿರೇಖಾಳ ಮುಖ ಕೆಂಪೇರಿತು. “ನಾ ಇಲ್ಲೇ ನಿಂತೀನಲ್ರಿ ಅಮ್ಮಾ, ನನ್ನನ್ನ ಕೇಳ್ರಿ!” ಎಂದು ಒದರಿಯೇಬಿಟ್ಟಳು.

“ದುರುಗಪ್ಪನೂ ಅಲ್ಲೇ ಕುಂತಾನವ್ವಾ.”

ಅಷ್ಟೇ ನುಡಿದು ಅಮ್ಮನವರು ಮತ್ತೆ ಸೊಪ್ಪಿಗೆ ಕೈಹಚ್ಚಿದರು.

ಶಶಿರೇಖಾ ತಟ್ಟನೆ ಅಂಗಳದ ಕಡೆ ತಿರುಗಿದಳು. ಅತ್ತ ವ್ಯಾನಿನ ಹಾರ್ನು ಬೇರೆ ಕೂಗಿತು. ಓಡಿಹೋಗಿ, ಬೇವಿನಮರದ ಕೆಳಗೆ ಕುಳಿತಿದ್ದ ಮುದುಕನೆದುರು ಕುಕ್ಕರಗಾಲಲ್ಲಿ ಕುಳಿತಳು. “ಅಜ್ಜಾರ, ನಿಮಗೇನ್ ಬೇಕ್ರಿ?”

ದುರುಗಪ್ಪ ಅವಳನ್ನೇ ದಿಟ್ಟಿಸಿದ. “ಮುಂಜಾನಿಂದ ಇಲ್ಲೇ ಅದೀನಿ, ಈಗ ಕೇಳಿದಿ ನೋಡು. ಕುರ್ಚಿ ಒಲ್ಲೆ ತಂಗಿ. ನಾ ಮೇಳದಾಗ ಕರಡಿವಾದ್ಯ ಬಾರಿಸಾಂವ. ಕೊರಳಿಗೆ ಹಾಕ್ಕೊಂಡು ನಿಂತ ಬಾರಿಸ್ಬೇಕು ಅದನ್ನ. ನಿಲ್ಲಾಕ ಒಂದು ಕಾಲು ಕೊಡು.”

ಹೊರಟ ವ್ಯಾನಿಗೆ ಶಶಿರೇಖಾ ಅಡ್ಡ ನಿಂತಳು. “ನಾನೇ ತಪ್ಪು ಬರ್ದೀನ್ರಿ, ಇಳೀರಿ,” ಎಂದು ಅಳತೆಯವರನ್ನು ಇಳಿಸಿಕೊಂಡು ಬಂದಳು.

ಅಜ್ಜನ ಕಾಲಿನ ಅಳತೆ ಮುಗಿದ ಮೇಲೆ ಪಟ್ಟಿ ಹಿಡಿದು ಅಮ್ಮನವರ ಪಾದದ ಬಳಿ ನೆಲಕ್ಕೇ ಕುಳಿತಳು. ಅಮ್ಮನವರು ಅವಳ ಮುಖವನ್ನೇ ನೋಡುತ್ತ, “ಚಾ ಕುಡಿತೀಯೇನವ್ವಾ?” ಎಂದು ಕೇಳಿದರು.

ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಪಟ್ಟಿ ತಿರುವಿದಳು, ಮತ್ತೆ ಎದ್ದೇಬಿಟ್ಟಳು.

“ಆಮ್ಯಾಲೆ ಕುಡಿತೀನ್ರಿ ಅಮ್ಮಾ. ಇನ್ನೂ ಆರು ಮಂದಿನ್ನ ಕೇಳೂದೈತ್ರಿ.”