ಏಳು ಗಡಿಕಲ್ಲು

"ಕೇಳ್ರಪ್ಪೋ ಕೇಳಿ! ಶೈಲವರ್ಮ ಮಹಾರಾಜರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಕೇಳಿದಾಗ ಕೆಂಚ ಉಪ್ಪಿನ ಮೂಟೆ ಹೊತ್ತು ಕಣಿವೆ ಏರುತ್ತಿದ್ದ. ಸುತ್ತ ಬೆಟ್ಟ, ಎತ್ತ ನಡೆದರೂ ಕಡಲು ತಿಂಗಳ ದಾರಿ. ಅಂಥ ಪುಟ್ಟ ದೇಶ ಅದು. ಗಡಿಗೆ ಏಳು ಕಲ್ಲು. ಗಡಿ ಗಟ್ಟಿಯಾಗಲಿ ಅಂತ ಹನ್ನೆರಡು ವರ್ಷದ ಹಿಂದೆ ಒಂದೊಂದರ ಬುಡಕ್ಕೂ ಒಬ್ಬೊಬ್ಬರನ್ನು ಜೀವಂತ ಹೂಳಿಸಿದ್ದ, ಆ ಪುಣ್ಯಾತ್ಮ ರಾಜ. ದೇಶಕ್ಕೆಲ್ಲ ಗೊತ್ತು, ಬಾಯಿಬಿಟ್ಟರೆ ನಾಲಿಗೆ ಉಳಿಯುತ್ತಿರಲಿಲ್ಲ. ನಾಲ್ಕನೆಯ ಕಲ್ಲಿನಡಿ ಇದ್ದವನು ಕೆಂಚನ ಅಪ್ಪ. ಮೂಳೆ ಸಿಗುವ ತನಕ ಗಂಡನಿಗೆ ಎಡೆ ಇಡುವುದಿಲ್ಲ ಅಂತ ಅವ್ವ ಕೂತಿದ್ದಳು. ಆ ಮೂಳೆಗಾಗಿ ಕೆಂಚ ಅರಮನೆಗೆ ನಡೆದ.

ಅಲ್ಲಿ ಪರದೇಶದ ದೂತರು ತುಂಬಿದ್ದ ಸಭೆಯಲ್ಲಿ ಅವನಿಗಿಂತ ಮುಂಚೆ ಮೂವರು ರಾಜಕುಮಾರರು ನಿಂತಿದ್ದರು. ರಾಜ ಒಬ್ಬೊಬ್ಬನಿಗೆ ಒಂದೊಂದು ಒಗಟು ಹಾಕಿದ.

"ನನ್ನ ನೆಲದಲ್ಲಿ ನೂರು ಹುಟ್ಟುತ್ತವೆ, ಒಂದೂ ಇಲ್ಲಿ ಸಾಯುವುದಿಲ್ಲ. ಏನದು?"

"ಹಕ್ಕಿಗಳು," ಅಂದ ಮೊದಲನೆಯವನು. ದಳವಾಯಿ ಭೈರಣ್ಣ ಕತ್ತಿ ಬೀಸಿದ.

"ಇಲ್ಲಿ ಹಿಡಿಯಷ್ಟೂ ಹುಟ್ಟದು, ಅದಿಲ್ಲದೆ ಬಡವನಿಗೂ ತುತ್ತು ಇಳಿಯದು. ಏನದು?"

"ತುಪ್ಪ," ಅಂದ ಎರಡನೆಯವನು. ಪಾಪ, ಅರಮನೆಯಲ್ಲಿ ಬೆಳೆದ ಕೂಸು! ಆ ತಲೆಯೂ ಉರುಳಿತು.

"ನನ್ನ ಗಡಿಗೆ ಏಳು ಕಾವಲುಗಾರರು. ಉಣ್ಣರು, ಮಲಗರು, ಸಂಬಳ ಕೇಳರು. ಯಾರವರು?"

"ಏಳು ಬೆಟ್ಟಗಳು," ಅಂದ ಮೂರನೆಯವನು. ರಾಜ ತೊಡೆ ತಟ್ಟಿ ನಕ್ಕ. ನಗು ಮುಗಿಯುವಷ್ಟರಲ್ಲಿ ಅವನದೂ ಮುಗಿದಿತ್ತು.

"ಬಾರೋ ಮೂಟೆಯವನೇ. ನೀನು ಮೂರಕ್ಕೂ ಹೇಳು."

ಕೆಂಚ ಮುಂದೆ ಬಂದ. "ಮೊದಲನೆಯದು ಹೊಳೆ, ಬುದ್ಧೀ. ನಮ್ಮ ಹಿಮದಲ್ಲಿ ಹುಟ್ಟಿ ಪರದೇಶದ ಕಡಲಲ್ಲಿ ಮುಗಿಯುತ್ತದೆ. ಎರಡನೆಯದು ಉಪ್ಪು. ನನ್ನ ಬೆನ್ನು ನೋಡಿದರೆ ಗೊತ್ತಾಗುತ್ತದೆ."

"ಮೂರನೆಯದು?"

"ನೀವು ಜೀವಂತ ಹೂಳಿಸಿದ ಏಳು ಜನ. ಮೊದಲ ಕಲ್ಲಿನಡಿ ಈ ದಳವಾಯಿಗಳ ತಮ್ಮ. ನಾಲ್ಕನೆಯದರಡಿ ನಮ್ಮಪ್ಪ."

ಭೈರಣ್ಣನ ಕತ್ತಿ ಮೆಲ್ಲಗೆ ಕೆಳಗಿಳಿಯಿತು. ರಾಜನ ಮುಖ ಕಪ್ಪಿಟ್ಟಿತು. ಆದರೆ ಪರದೇಶದ ದೂತರೆಲ್ಲ ನೋಡುತ್ತಿದ್ದರು, ಆಡಿದ ಮಾತು ನುಂಗುವ ಹಾಗಿರಲಿಲ್ಲ.

"ಏನು ಬೇಕೋ? ಅರ್ಧ ರಾಜ್ಯವೋ?"

"ಅಪ್ಪನ ಮೂಳೆ, ಬುದ್ಧೀ."

"ಅಯ್ಯೋ, ಇಷ್ಟೇನಾ!" ರಾಜನಿಗೆ ಹೋದ ಜೀವ ಬಂದಂತಾಯಿತು. ತಾನೇ ಪಲ್ಲಕ್ಕಿ ಏರಿ ಗಡಿಗೆ ಬಂದು, "ಕೀಳ್ರೋ ಆ ಕಲ್ಲನ್ನ!" ಅಂತ ಕೂಗಿದ.

ಕಿತ್ತರು. ಅಪ್ಪ ಮೊಣಕಾಲು ಮಡಿಸಿ ಕೂತಂತೆಯೇ ಇದ್ದ. ಕೆಂಚ ಬಿಕ್ಕಿ ಬಿಕ್ಕಿ ಅಳುತ್ತ ಒಂದೊಂದೇ ಮೂಳೆಯನ್ನು ಉಪ್ಪಿನ ಚೀಲಕ್ಕೆ ತುಂಬಿಕೊಂಡ. ಆಮೇಲೆ ಕಣ್ಣೊರೆಸಿಕೊಂಡು, "ಕಲ್ಲಿನ ಮೇಲೆ ಏನೋ ಕೆತ್ತಿಸಿದ್ದೀರಲ್ಲ, ದಳವಾಯಿಗಳು ಓದಲಿ," ಅಂದ.

ಭೈರಣ್ಣ ಗಟ್ಟಿಯಾಗಿ ಓದಿದ: "ಈ ಕಲ್ಲನ್ನು ಕೀಳಿಸಿದವನು ಯಾರೇ ಆಗಲಿ, ಅವನನ್ನು ಇದೇ ಗುಂಡಿಯಲ್ಲಿ ಜೀವಂತ ಹೂಳತಕ್ಕದ್ದು. ಶೈಲವರ್ಮನ ಅಪ್ಪಣೆ."

ರಾಜ ಸೈನಿಕರ ಮುಖ ನೋಡಿದ. ಒಬ್ಬನೂ ಅವನ ಕಡೆ ಬರಲಿಲ್ಲ. ಭೈರಣ್ಣ ಅವನ ರಟ್ಟೆ ಹಿಡಿದು ಗುಂಡಿಗೆ ನೂಕಿದ.

"ಕೆಂಚಾ, ಕೆಂಚಪ್ಪಾ, ಇಡೀ ರಾಜ್ಯ ನಿನಗೇ ಕೊಡ್ತೀನಿ, ಬಿಡಿಸಪ್ಪಾ!"

"ನಮ್ಮಪ್ಪನೂ ಹೀಗೇ ಕೂಗಿದ್ದ. ಅವ್ವನ ಸೆರಗು ಹಿಡಿದು ನಾನು ಕೇಳಿಸಿಕೊಂಡಿದ್ದೆ," ಅಂದ ಕೆಂಚ, ಮೊದಲ ಹಿಡಿ ಮಣ್ಣು ಹಾಕಿದ.

ಅವತ್ತು ಅವ್ವ ಎಡೆ ಇಟ್ಟಳು. ಗದ್ದುಗೆ ಏರಿದ ಭೈರಣ್ಣ ತಮ್ಮನನ್ನು ತೆಗೆಸಲು ಮೊದಲ ಕಲ್ಲಿನ ತನಕ ಹೋದ. ಅಲ್ಲೂ ಅದೇ ಬರಹ ಕಂಡು ತಲೆ ತಗ್ಗಿಸಿ ವಾಪಸು ಬಂದ. ಆ ದೇಶದ ಗಡಿ ಕಾಯುವವರು ಇಂದಿಗೂ ಏಳು ಜನ.