ಬಿಟ್ಟುಕೊಟ್ಟ ಏಳನೆಯ ಪಂದ್ಯ

"ಮಾತಾಜಿ, ಗೆಲುವನ್ನು ಬಿಟ್ಟುಕೊಟ್ಟರೂ ಮುನಿಸಿಕೊಳ್ಳುವವರು ಇರುತ್ತಾರೆಯೇ?" ಎಂದು ವಿಶಾಲಾಕ್ಷಿ ಕೇಳಿದಳು.

ಮಾತಾಜಿಯವರ ಮಠದಲ್ಲಿ ಓದುವ ಹೆಣ್ಣುಮಕ್ಕಳು ಪ್ರತಿ ಸೋಮವಾರ ಎದುರುಬದುರು ಕುಳಿತು ವಾದ ಮಾಡುವುದು ರೂಢಿ. ದಾನಮ್ಮ ವರ್ಷವಿಡೀ ವಿಶಾಲಾಕ್ಷಿಗೆ ಸೋಲುತ್ತಲೇ ಬಂದಿದ್ದಳು. ಕಳೆದ ಸೋಮವಾರ ವಿಶಾಲಾಕ್ಷಿಗೆ ಪಾಪವೆನಿಸಿತು. ದಾನಮ್ಮ ಎತ್ತಿದ ಕೊನೆಯ ಪ್ರಶ್ನೆಗೆ ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ಹೇಳದೆ ಸೋತಳು. ಅಂದಿನಿಂದ ದಾನಮ್ಮ ಮಾತು ಬಿಟ್ಟಳು. ಈಗ ಮಠವನ್ನೇ ಬಿಟ್ಟು ಹೋಗುತ್ತೇನೆಂದು ಬಟ್ಟೆಬರೆ ಗಂಟು ಕಟ್ಟುತ್ತಿದ್ದಳು.

"ಉಪಕಾರ ಮಾಡಲು ಹೋದೆ. ಅವಳು ಹೋದರೆ ಇಲ್ಲಿ ನನಗೆ ಯಾರಿದ್ದಾರೆ?" ಎಂದಳು ವಿಶಾಲಾಕ್ಷಿ.

"ನೀನು ದೊಡ್ಡ ತ್ಯಾಗ ಮಾಡಿದೆ, ಅವಳು ಹಾರ ಹಾಕಲಿಲ್ಲ. ಅದೂ ಒಂದು ಸಂಕಟವೇ ತಾನೆ?" ಎಂದು ಮಾತಾಜಿ ನಕ್ಕರು. ಆಮೇಲೆ ಈ ಕತೆ ಹೇಳಿದರು.

ಎರಡು ದೇಶಗಳಿದ್ದವು. ನಡುವೆ ಸಮುದ್ರವಿತ್ತು. ಎರಡೂ ಕಡೆಯ ಹೆಂಗಸರು ವರ್ಷಕ್ಕೊಮ್ಮೆ ಸೇರಿ ಒಂದು ಬೆಳ್ಳಿಯ ಬಟ್ಟಲಿಗಾಗಿ ಟೆನಿಸ್ ಆಡುತ್ತಿದ್ದರು. ಒಟ್ಟು ಏಳು ಪಂದ್ಯ. ನಾಲ್ಕು ಗೆದ್ದವರಿಗೆ ಬಟ್ಟಲು. ಆದರೂ ಏಳನ್ನೂ ಆಡಿಯೇ ತೀರಬೇಕು, ಅದು ಕಟ್ಟಳೆ. ಮೊದಮೊದಲು ಬಟ್ಟಲು ಆ ದಡಕ್ಕೂ ಈ ದಡಕ್ಕೂ ಓಡಾಡಿಕೊಂಡಿತ್ತು. ಬರಬರುತ್ತಾ ಒಂದೇ ದೇಶದ ಕಪಾಟಿನಲ್ಲಿ ಕುಳಿತುಬಿಟ್ಟಿತು. ಇಪ್ಪತ್ತು ವರ್ಷ ಅಲುಗಲಿಲ್ಲ.

ಗೆದ್ದೆತ್ತಿನ ಬಾಲ ಹಿಡಿಯುವ ಜನಕ್ಕೂ ಬೇಸರ ಬಂತು. ಯಾರು ಗೆಲ್ಲುತ್ತಾರೆಂದು ಮನೆಯಲ್ಲಿ ಕುಳಿತೇ ಹೇಳಬಹುದಾಗಿದ್ದಾಗ ಮೈದಾನಕ್ಕೆ ಯಾರು ಬರುತ್ತಾರೆ? ಪಂದ್ಯ ನಡೆಸುವ ಹಿರಿಯರು ಗೆಲ್ಲುವ ತಂಡದ ನಾಯಕಿಯನ್ನು ಕರೆಸಿದರು. ಈ ವರ್ಷವೂ ಏಳಕ್ಕೆ ಏಳನ್ನೂ ನೀವೇ ಗೆದ್ದರೆ ಇದಕ್ಕೆ ಮಂಗಳ ಹಾಡುತ್ತೇವೆ ಎಂದರು.

ಹದಿನಾರನೆಯ ವಯಸ್ಸಿನಿಂದ ನಾಯಕಿ ಆ ಪಂದ್ಯಕ್ಕಾಗಿಯೇ ಬದುಕಿದ್ದಳು. ಗಂಡ ಹೇಳಿದ್ದನ್ನು ಮರೆಯುತ್ತಿದ್ದಳು, ಪಂದ್ಯದ ತಾರೀಖನ್ನು ಮರೆಯುತ್ತಿರಲಿಲ್ಲ.

ಆ ವರ್ಷ ಮೊದಲ ಆರು ಪಂದ್ಯಗಳನ್ನು ಅವಳ ತಂಡವೇ ಗೆದ್ದಿತು. ಏಳನೆಯದನ್ನು ಅವಳೇ ಆಡಬೇಕಿತ್ತು. ಎದುರಾಳಿ ಹನ್ನೊಂದು ವರ್ಷದಿಂದ ಅವಳಿಗೇ ಸೋಲುತ್ತ ಬಂದವಳು. ಮೊದಲ ವರ್ಷ ಒಂದು ಗೇಮನ್ನೂ ದಕ್ಕಿಸಿಕೊಂಡಿರಲಿಲ್ಲ. ಐದನೆಯ ವರ್ಷ ಒಂದು ಸೆಟ್ ಕಿತ್ತುಕೊಂಡಳು. ಹಿಂದಿನ ವರ್ಷ ಎರಡೇ ಎರಡು ಪಾಯಿಂಟ್‌ಗಳಿಂದ ಸೋತಿದ್ದಳು. ಈ ಸಲ ಕೊನೆಯ ಸೆಟ್ಟಿನ ಕೊನೆಯವರೆಗೂ ಸರಿಸಮ ಬಂದಳು. ಇನ್ನೊಂದು ಪಾಯಿಂಟ್ ಸಿಕ್ಕರೆ ಪಂದ್ಯ ಅವಳದು. ಸರ್ವ್ ಮಾತ್ರ ನಾಯಕಿಯದು.

ಸರ್ವ್ ಮಾಡಲು ಎರಡು ಅವಕಾಶ, ಎರಡೂ ತಪ್ಪಿದರೆ ಪಾಯಿಂಟ್ ಎದುರಾಳಿಗೆ. ನಾಯಕಿ ಮೊದಲನೆಯದನ್ನು ನೆಟ್ಟಿಗೆ ಹೊಡೆದಳು. ಎರಡನೆಯದನ್ನೂ ನೆಟ್ಟಿಗೇ ಹೊಡೆದಳು.

ಮೈದಾನ ಎದ್ದು ನಿಂತು ಕೂಗಿತು. ಹಿರಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಎದುರಾಳಿ ಮಾತ್ರ ನಗಲಿಲ್ಲ. ಕೈಕುಲುಕಲು ನೆಟ್ಟಿನ ಬಳಿಗೆ ಬಂದಳು.

"ಹನ್ನೊಂದು ವರ್ಷದಿಂದ ನಿನ್ನ ಸರ್ವ್ ನೋಡಿದ್ದೇನೆ. ಬೇಕೆಂದೇ ಹೊಡೆದೆ, ಅಲ್ಲವೇ?"

"ಪಂದ್ಯ ಉಳಿಯಲಿ ಎಂದು ಹಾಗೆ ಮಾಡಿದೆ," ಎಂದಳು ನಾಯಕಿ.

"ನಾನು ಹನ್ನೊಂದು ಸಲ ಸೋತೆ. ಒಂದು ಸಲವೂ ನಾಚಿಕೆಯಾಗಿರಲಿಲ್ಲ. ಇವತ್ತು ಆಯಿತು."

ಮರುವರ್ಷ ಹಿರಿಯರು ಮೈದಾನಕ್ಕೆ ಹೊಸ ಸುಣ್ಣದ ಗೆರೆ ಎಳೆಸಿದರು. ಎಂದೂ ಇಲ್ಲದಷ್ಟು ಜನ ನೆರೆದರು. ಸಮುದ್ರದಾಚೆಯಿಂದ ತಂಡ ಬರಲಿಲ್ಲ, ಒಂದು ಪತ್ರ ಬಂತು. ಇನ್ನು ಮುಂದೆ ನಾವು ಬರುವುದಿಲ್ಲ ಎಂದಷ್ಟೇ ಬರೆದಿತ್ತು. ನಾಯಕಿ ರ‍್ಯಾಕೆಟ್ ಹಿಡಿದು ಬಂದಿದ್ದಳು. ಅಷ್ಟು ಜನರ ಎದುರಿಗೇ ಅತ್ತಳು.

ಮಾತಾಜಿ ಕತೆ ನಿಲ್ಲಿಸಿದರು. ವಿಶಾಲಾಕ್ಷಿ ದಡಕ್ಕನೆ ಎದ್ದಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ತಪ್ಪಾಯಿತು ಮಾತಾಜಿ. ಈಗಲೇ ಹೋಗಿ ದಾನಮ್ಮನ ಕೈ ಹಿಡಿದು ಕೇಳಿಕೊಳ್ಳುತ್ತೇನೆ. ಗೆಲ್ಲಬೇಕಾದವಳು ನಾನು, ಬೇಕೆಂದೇ ಸೋತೆ, ಕ್ಷಮಿಸು ಎನ್ನುತ್ತೇನೆ."

"ಅಂದು ನೀನು ಬಾಯಿ ಬಿಟ್ಟಿದ್ದರೆ ಗೆಲ್ಲುತ್ತಿದ್ದವಳು ನೀನೇ ಎಂದು ನಿನಗೆ ಯಾರು ಹೇಳಿದರು?" ಎಂದರು ಮಾತಾಜಿ.